15 ವರ್ಷ ಆಯ್ತು ಅಂತ ಕಾರು ಗುಜರಿಗೆ ಹಾಕ್ಬೇಡಿ. ಮೊದಲು ಗಾಡಿ ಅಡಿ ನೋಡಿ

ಸಿದ್ದಾಪುರ: ನಿಲ್ಕುಂದ, ಹೆಗ್ಗರಣೆ ಕಡೆ ಒಂದು ಕಾರು ಮನೆಗೆ ಬಂತು ಅಂದ್ರೆ ಎರಡು ತಲೆಮಾರು ಓಡಬೇಕು. ಎಸ್ಟೀಮ್, ಆಕ್ಸೆಂಟ್, ಇಂಡಿಗೋ, ಹಳೇ ಡಿಜೈರ್, ಹೀಗೆ ಡಿಕ್ಕಿ ಇರೋ ಗಾಡಿಗಳೇ ಆಸ್ಪತ್ರೆಗೂ ಬೇಕು, ಮದುವೆ ಮನೆಗೂ ಬೇಕು. ಆದರೆ '15 ವರ್ಷ ಆದ್ಮೇಲೆ ಓಡಿಸೋ ಹಾಗಿಲ್ವಂತೆ' ಎಂಬ ಮಾತು ಕೇಳಿ ಚೆನ್ನಾಗಿರುವ ಕಾರನ್ನೂ ಸಿಕ್ಕಿದ ರೇಟಿಗೆ ಮಾರುವವರಿದ್ದಾರೆ. ಈ ಮಾತು ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ.

ನಿಯಮ ಏನು?
10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗೆ ನಿರ್ಬಂಧ ಬಂದಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ಸರಿಯಿದ್ದರೆ ಮುಂದೆ 5 ವರ್ಷಕ್ಕೊಮ್ಮೆ ನವೀಕರಿಸಬಹುದು. 2011ರಲ್ಲಿ ತೆಗೆದ ಡಿಜೈರ್‌ಗೆ 2026ರಲ್ಲಿ ಈ ಕೆಲಸ ಬರುತ್ತದೆ.

ಕೆಎ-31 ಗಾಡಿಯವರು ಶಿರಸಿ ಆರ್‌ಟಿಒ ಕಚೇರಿಗೆ ಹೋಗಬೇಕು. ಅವಧಿ ಮುಗಿಯಲು 60 ದಿನ ಇರುವಾಗಲೇ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಕಾರಿಗೆ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ದಾರೆ. ತಡವಾದರೆ ತಿಂಗಳಿಗೆ 500ರಂತೆ ಹೆಚ್ಚುವರಿ. ಹಸಿರು ತೆರಿಗೆ ಬೇರೆ.

ಹೋಗುವ ಮುಂಚೆ ನೋಡಿಕೊಳ್ಳಬೇಕಾದ್ದು:
- ಆರ್‌ಸಿ, ಚಾಲ್ತಿ ವಿಮೆ, ಎಮಿಷನ್ ಸರ್ಟಿಫಿಕೇಟ್.
- 2019ರ ಏಪ್ರಿಲ್‌ಗಿಂತ ಹಳೇ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್.
- ಸಾಲ ಯಾವತ್ತೋ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತದೆ. ಬ್ಯಾಂಕಿನಿಂದ ಎನ್‌ಒಸಿ, ಫಾರಂ 35 ತಂದು ತೆಗೆಸಿ.
- ಆರ್‌ಸಿ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು.
- ಚಾಸಿ ನಂಬರ್ ಮೇಲಿನ ತುಕ್ಕು, ಮಣ್ಣು ಒರೆಸಿ ಓದುವಂತಿರಲಿ. ಲೈಟು, ಹಾರ್ನು, ವೈಪರ್, ಬ್ರೇಕು, ಟೈರ್ ಸರಿಯಿರಲಿ.

ಕಾರು ಹಾಳಾಗೋದು ಕಿಲೋಮೀಟರಿನಿಂದಲ್ಲ
ನಮ್ಮ ಕಡೆ ಕಾರನ್ನು ತಿನ್ನುವುದು ಮಳೆ. ಕೆಂಪು ಮಣ್ಣು ಚಕ್ರದ ಮೇಲ್ಭಾಗದಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಹಿಡಿದುಕೊಂಡರೆ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಡಿಭಾಗ ತೊಳೆಸಿ, ಒಣಗಿಸಿ, ಕೋಟಿಂಗ್ ಹೊಡೆಸಿ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳನ್ನು, ಮುಂದಿನ ಗ್ಲಾಸಿನ ಬುಡದಲ್ಲಿ ತುಂಬುವ ತರಗೆಲೆಯನ್ನು ತೆಗೆಯಿರಿ. ತಾಡಪಾಲು ಬಿಗಿಯಾಗಿ ಸುತ್ತಿಡಬೇಡಿ, ಒಳಗೆ ಥಂಡಿ ನಿಲ್ಲುತ್ತದೆ. ಹುಲ್ಲಿನ ಬಣವೆ ಪಕ್ಕ ನಿಲ್ಲಿಸಿದರೆ ಇಲಿ ವೈರು ಕಡಿಯುತ್ತದೆ.

ಘಟ್ಟಕ್ಕೆ ಬ್ರೇಕ್ ಎಣ್ಣೆ ಮುಖ್ಯ
ಕುಮಟಾಕ್ಕೆ ದೊಡ್ಮನೆ ಘಟ್ಟ ಇಳಿಯುವವರು ಇದನ್ನು ಮರೆಯಬಾರದು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್-3 ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹಿಡಿದ ಮೇಲೆ 140 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಇಳಿಜಾರಲ್ಲಿ ಸತತ ಬ್ರೇಕ್ ಒತ್ತಿದಾಗ ಎಣ್ಣೆ ಕುದ್ದರೆ ಪೆಡಲ್ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. 2 ವರ್ಷಕ್ಕೊಮ್ಮೆ ಬದಲಿಸಿ. ಇಳಿಯುವಾಗ ಎರಡು, ಮೂರನೇ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡಿದರೆ ಬ್ರೇಕ್ ಬೂಸ್ಟರ್ ಬಲವೂ ಹೋಗುತ್ತದೆ.

ಇನ್ನುಳಿದದ್ದು
ಎಸ್ಟೀಮ್, ಪೆಟ್ರೋಲ್ ಆಕ್ಸೆಂಟ್‌ಗೆ ಟೈಮಿಂಗ್ ಬೆಲ್ಟ್ ಇದೆ. ಯಾವಾಗ ಹಾಕಿಸಿದ್ದು ಗೊತ್ತಿಲ್ಲದಿದ್ದರೆ ಈಗಲೇ ಬದಲಿಸಿ, ತುಂಡಾದರೆ ಗಾಡಿ ದಾರಿಯಲ್ಲೇ ನಿಲ್ಲುತ್ತದೆ. 2011ರ ಡಿಜೈರ್‌ಗೆ ಚೈನ್ ಇರುವುದರಿಂದ ಈ ತಲೆಬಿಸಿ ಇಲ್ಲ, ಆಯಿಲ್ ಸರಿಯಾಗಿ ಬದಲಿಸಿದರೆ ಸಾಕು. ರೇಡಿಯೇಟರ್‌ಗೆ ಬಾವಿ ನೀರಲ್ಲ, ಕೂಲೆಂಟ್ ಹಾಕಿ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದ್ರೆ 2018ರ 23ನೇ ವಾರದ್ದು. ಗುಂಡಿ 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಬದಲಿಸಲೇಬೇಕು. ಗುಂಡಿ ಇದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಬೇಡ.

ಈಗ ಬಂಕ್‌ನಲ್ಲಿ ಸಿಗುವುದು 20% ಎಥನಾಲ್ ಸೇರಿದ ಪೆಟ್ರೋಲ್. ಹಳೇ ಕಾರಿನ ಪೈಪು, ರಬ್ಬರ್ ಇದಕ್ಕೆಂದು ಮಾಡಿದ್ದಲ್ಲ. ಪೆಟ್ರೋಲ್ ವಾಸನೆ ಬಂದರೆ ತಡ ಮಾಡದೆ ಗ್ಯಾರೇಜಿಗೆ ಒಯ್ಯಿರಿ. ತಿಂಗಳುಗಟ್ಟಲೆ ನಿಲ್ಲಿಸಬೇಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ.

ಯಾವಾಗ ಬಿಡಬೇಕು?
ಜಾಕ್ ಕೊಟ್ಟ ಜಾಗ ಪುಡಿಯಾದರೆ, ಸಸ್ಪೆನ್ಷನ್ ಕೂರುವ ಕಡೆ ತಗಡು ತೂತಾಗಿದ್ದರೆ, ಆ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಬಾರದು. ಆಗ ಕೂಡ ಸುಮ್ಮನೆ ಗುಜರಿಯವರಿಗೆ ಕೊಡಬೇಡಿ. ಆರ್‌ಸಿ ರದ್ದಾಗದಿದ್ದರೆ ಗಾಡಿ ನಿಮ್ಮ ಹೆಸರಲ್ಲೇ ಇರುತ್ತದೆ, ಅದರಿಂದ ಏನೇ ಆದರೂ ನೋಟಿಸ್ ನಿಮ್ಮ ಮನೆಗೇ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಪಡೆದರೆ ಹೊಸ ಗಾಡಿಗೆ ನೋಂದಣಿ ಶುಲ್ಕವೂ ಇಲ್ಲ.

ಆರ್‌ಸಿಯಲ್ಲಿ ಮುಕ್ತಾಯದ ದಿನಾಂಕ ಇವತ್ತೇ ನೋಡಿಟ್ಟುಕೊಳ್ಳಿ. ಅವಧಿ ಮುಗಿದ ಗಾಡಿ ರಸ್ತೆಗಿಳಿದರೆ ದಂಡ ಒಂದು ಕಡೆ, ಅಪಘಾತವಾದರೆ ವಿಮೆ ಹಣಕ್ಕೂ ತಕರಾರು.