ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿದರೆ ನೆಟ್‌ವರ್ಕ್ ಸ್ವಿಚ್ ಸುರಕ್ಷಿತವೇ?

‘ಪ್ರತಿ 30 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ, ಯಾರೂ ಹ್ಯಾಕ್ ಮಾಡಲಾರರು’ ಎಂಬಂಥ ಸಲಹೆಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಹಲವು ಕಚೇರಿಗಳು ತಮ್ಮ ನೆಟ್‌ವರ್ಕ್ ಸ್ವಿಚ್‌ಗಳಿಗೂ ಇದೇ ನಿಯಮ ಹಾಕುತ್ತವೆ. ಇದು ನಿಜವೇ? ನೋಡೋಣ.

ಸ್ವಿಚ್ ಎಂದರೇನು?

ಇದು ದೀಪದ ಸ್ವಿಚ್ ಅಲ್ಲ. ಕಚೇರಿ, ಆಸ್ಪತ್ರೆ, ಕಾಲೇಜುಗಳಲ್ಲಿ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ. ದೊಡ್ಡ ಕಚೇರಿಗಳ ಸ್ವಿಚ್‌ಗೆ ತನ್ನದೇ ಲಾಗಿನ್ ಇರುತ್ತದೆ. ಅದು ಕಳ್ಳರ ಕೈಗೆ ಸಿಕ್ಕರೆ ಇಡೀ ಕಟ್ಟಡದ ಸಂಪರ್ಕ ಕಡಿಯಬಹುದು, ಅದರಲ್ಲಿ ಹರಿಯುವ ಮಾಹಿತಿಯ ನಕಲನ್ನು ಬೇರೆಡೆಗೆ ತಿರುಗಿಸಬಹುದು.

ಆಗಾಗ ಬದಲಿಸುವುದು ಏಕೆ ಸಾಲದು?

ಪದೇ ಪದೇ ಬದಲಿಸಬೇಕಾದಾಗ ಜನ ‘ಆಫೀಸ್1’ ಇದ್ದದ್ದನ್ನು ‘ಆಫೀಸ್2’ ಮಾಡುತ್ತಾರೆ, ಇಲ್ಲವೇ ಚೀಟಿಯಲ್ಲಿ ಬರೆದು ಅಂಟಿಸುತ್ತಾರೆ. ಪಾಸ್‌ವರ್ಡ್ ನಿಯಮಗಳು ಪ್ರಚಾರಕ್ಕೆ ಬರಲು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ 2003ರ ಮಾರ್ಗಸೂಚಿ ಮುಖ್ಯ ಕಾರಣ. ಅದನ್ನು ಬರೆದ ಬಿಲ್ ಬರ್ ಅವರೇ ಆ ಸಲಹೆಗಳಲ್ಲಿ ಹೆಚ್ಚಿನವು ಸರಿಯಿರಲಿಲ್ಲವೆಂದು 2017ರಲ್ಲಿ ವಿಷಾದಿಸಿದರು. ಅದೇ ವರ್ಷ ಪರಿಷ್ಕೃತ ಮಾರ್ಗಸೂಚಿ ಬಂತು: ಸೋರಿಕೆಯಾದ ಸುಳಿವು ಸಿಕ್ಕರೆ ಬದಲಿಸಿ, ಕ್ಯಾಲೆಂಡರ್ ನೋಡಿ ಬದಲಿಸುವಂತೆ ಒತ್ತಾಯಿಸಬೇಡಿ.

ಹಾಗಾದರೆ ಏನು ಮಾಡಬೇಕು?

1. ಕಂಪನಿ ಕೊಟ್ಟ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇಂಥ ಸುಮಾರು 60 ಸಿದ್ಧ ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು.

2. ಉದ್ದವಾಗಿರಲಿ. ಬರೀ ಸಣ್ಣ ಇಂಗ್ಲಿಷ್ ಅಕ್ಷರಗಳೇ ಆದರೂ 8ರ ಬದಲು 12 ಇದ್ದರೆ ಸಾಧ್ಯತೆಗಳು 4,56,976 ಪಟ್ಟು ಹೆಚ್ಚುತ್ತವೆ. ಆದರೆ ಊಹಿಸಲು ಸುಲಭವಾದ ಹೆಸರು, ಪದ ಬೇಡ.

3. ತಪ್ಪು ಪ್ರಯತ್ನಕ್ಕೆ ಮಿತಿ ಹಾಕಿ. ಒಂದು ನಿಮಿಷದಲ್ಲಿ 3 ಸಲ ತಪ್ಪಿದರೆ ಸ್ವಲ್ಪ ಹೊತ್ತು ಲಾಗಿನ್ ತಡೆಯುವ ವ್ಯವಸ್ಥೆ ಅನೇಕ ಸ್ವಿಚ್‌ಗಳಲ್ಲಿದೆ.

4. ಪಾಸ್‌ವರ್ಡ್ ಹೇಗೆ ಉಳಿದಿದೆ ನೋಡಿ. ಸಿಸ್ಕೋ ಸ್ವಿಚ್‌ಗಳ ‘ಟೈಪ್ 7’ ಗೂಢಲಿಪಿಯಂತೆ ಕಂಡರೂ ಕ್ಷಣದಲ್ಲಿ ಬಿಡಿಸಬಹುದು. ಅಮೆರಿಕದ ಎನ್‌ಎಸ್‌ಎ 2022ರಲ್ಲಿ ‘ಟೈಪ್ 8’ ಬಳಸಲು ಶಿಫಾರಸು ಮಾಡಿದೆ.

5. ಟೆಲ್ನೆಟ್ ನಿಲ್ಲಿಸಿ, ಎಸ್‌ಎಸ್‌ಎಚ್ ಬಳಸಿ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಮರೆಮಾಚದೆ ಹೋಗುತ್ತದೆ.

6. ಎಲ್ಲರಿಗೂ ಒಂದೇ ಲಾಗಿನ್ ಬೇಡ. ಒಬ್ಬೊಬ್ಬರಿಗೆ ಒಂದೊಂದಿದ್ದರೆ, ಕೆಲಸ ಬಿಟ್ಟವರದ್ದನ್ನು ಮಾತ್ರ ಅಳಿಸಿದರೆ ಸಾಕು. ಹಂಚಿಕೊಂಡ ಪಾಸ್‌ವರ್ಡ್ ಇದ್ದರೆ ಅಂದೇ ಬದಲಿಸಬೇಕು.

ಮನೆಯಲ್ಲಿ?

ಮನೆಯ ರೂಟರ್‌ಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈಫೈ ಬಳಸಲು, ಇನ್ನೊಂದು ರೂಟರ್‌ನ ಸೆಟ್ಟಿಂಗ್ ಬದಲಿಸಲು. ಮೊದಲನೆಯದನ್ನು ಬದಲಿಸಿದವರೂ ಎರಡನೆಯದನ್ನು ಮರೆತಿರುತ್ತಾರೆ. ಅದು ಇನ್ನೂ ‘ಅಡ್ಮಿನ್’ ಎಂದೇ ಇದ್ದರೆ ಇಂದೇ ಬದಲಿಸಿ.

ನಮ್ಮ ತೀರ್ಮಾನ: ತಿಂಗಳಿಗೊಮ್ಮೆ ಬದಲಿಸಿದರೆ ಸುರಕ್ಷಿತ ಎಂಬುದು ಅರ್ಧ ಸತ್ಯ. ಉದ್ದದ ಪಾಸ್‌ವರ್ಡ್, ಪ್ರಯತ್ನಕ್ಕೆ ಮಿತಿ, ಸೋರಿಕೆಯಾದ ಕೂಡಲೇ ಬದಲಾವಣೆ: ರಕ್ಷಣೆ ಇರುವುದು ಇವುಗಳಲ್ಲಿ. ಮುಂದಿನ ಸಲ ಆ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.