ಮೇಣದಬತ್ತಿ ಬೆಳಕಲ್ಲಿ ಬೀಳ್ಕೊಡುಗೆ

1945ರ ಮಾರ್ಚ್ 23ರ ರಾತ್ರಿ, ಜಪಾನಿನ ಒಕಿನಾವಾ ದ್ವೀಪ. ಒಂದು ಹೆಣ್ಣುಮಕ್ಕಳ ಹೈಸ್ಕೂಲು, ಅದರ ಜೊತೆಗಿದ್ದ ಶಿಕ್ಷಕಿಯರ ತರಬೇತಿ ಶಾಲೆ. ಎರಡರಿಂದ 222 ವಿದ್ಯಾರ್ಥಿನಿಯರು, 18 ಶಿಕ್ಷಕರು ಸೇನಾ ಆಸ್ಪತ್ರೆಗೆ ಹೊರಟರು. ಬೇಗ ವಾಪಸ್ ಬರ್ತೀವಿ ಅಂತ ಪಠ್ಯಪುಸ್ತಕಗಳನ್ನೂ ಕಟ್ಟಿಕೊಂಡಿದ್ರು.

ಆಸ್ಪತ್ರೆ ಅಂದ್ರೆ ಗುಡ್ಡ ಕೊರೆದ ಸುರಂಗಗಳು. ಮಾರ್ಚ್ 29ರ ರಾತ್ರಿ, ಶೆಲ್ ದಾಳಿಯ ನಡುವೆ, ಮೇಣದಬತ್ತಿ ಬೆಳಕಲ್ಲಿ ಶಾಲೆಯ ಬೀಳ್ಕೊಡುಗೆ ನಡೀತು. ಆಮೇಲೆ ಗಾಯಾಳುಗಳ ಆರೈಕೆ, ನೀರು ಹೊರೋದು, ಹೆಣ ಹೂಳೋದು.

ಜೂನ್ 18ರಂದು ಸೇನೆ ತಂಡವನ್ನು ವಿಸರ್ಜಿಸಿ, ಮಕ್ಕಳನ್ನು ಗುಂಡಿನ ಮಳೆಗೆ ಬಿಟ್ಟಿತು. ಒಟ್ಟು 136 ಮಂದಿ ಸತ್ತರು. ಹೆಚ್ಚಿನವರು ಆ ಆದೇಶದ ನಂತರವೇ.

ಬದುಕುಳಿದವರು 1989ರಲ್ಲಿ ತೆರೆದ ಹಿಮೆಯುರಿ ಮ್ಯೂಸಿಯಂನಲ್ಲಿ ತಾವೇ ನಿಂತು ಇದನ್ನೆಲ್ಲ ಹೇಳಿದರು. ಯುದ್ಧ ಬೇಕು ಅನ್ನೋ ಪೋಸ್ಟ್ ಕಂಡಾಗ, ಆ ಪುಸ್ತಕದ ಗಂಟು ನೆನಪಿರಲಿ.