ಮುರಿಯಬೇಕು, ಕಳಚಬಾರದು: ಬಾಟಲಿಯ ಸೀಲು ನಡೆದು ಬಂದ ದಾರಿ

ಮುರಿಯಲೆಂದೇ ತಯಾರಾಗುವ ವಸ್ತುಗಳು ವಿರಳ. ಬಾಟಲಿಯ ಸೀಲು ಅವುಗಳಲ್ಲೊಂದು. ಅದು ಮುಕ್ಕಾಗದೆ ಉಳಿದಿದ್ದರೆ ಒಳಗಿನ ನೀರನ್ನೋ ಔಷಧವನ್ನೋ ಯಾರೂ ಮುಟ್ಟಿಲ್ಲವೆಂದು ನಂಬುತ್ತೇವೆ. ಮುರಿದ ಕ್ಷಣಕ್ಕೆ ಅದರ ಕೆಲಸ ಮುಗಿಯುತ್ತದೆ. ಆದರೆ ಮುರಿದ ಚೂರು ಎಲ್ಲಿಗೆ ಹೋಗುತ್ತದೆ ಎಂದು ವಿನ್ಯಾಸಕಾರರು ಬಹುಕಾಲ ಯೋಚಿಸಲಿಲ್ಲ. ಆ ಯೋಚನೆ ಹುಟ್ಟಿ ಬೆಳೆದದ್ದೇ ಈ ಕ್ಷೇತ್ರದ ಇತ್ತೀಚಿನ ಚರಿತ್ರೆ.

ಪತ್ರಕ್ಕೆ, ಗಂಟಿಗೆ ಅರಗಿನ ಮುದ್ರೆ ಒತ್ತುವುದು ಹಳೆಯ ರೂಢಿ. ಕಾರ್ಖಾನೆಗಳ ಕಾಲಕ್ಕೆ ಬಂದರೆ, 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ, ಅಂಚು ಮಡಚಿದ ತಗಡಿನ ಬಿರಡೆ ಇಂದಿಗೂ ಸೋಡಾ ಬಾಟಲಿಗಳ ಮೇಲಿದೆ. ಒಮ್ಮೆ ಎಬ್ಬಿದರೆ ಅದು ಮೊದಲಿನಂತೆ ಕೂರದು. 1950ರ ದಶಕದ ಕೊನೆಯಲ್ಲಿ ಜಾಕ್ ಪಾಮರ್ ಎಂಬ ಎಂಜಿನಿಯರ್, ಪಾಲಿಥೀನ್ ಬಾಟಲಿಯ ಬಾಯಿಗೆ ಅಲ್ಯೂಮಿನಿಯಂ ಹಾಳೆಯನ್ನು ವಿದ್ಯುತ್ಕಾಂತೀಯ ಶಾಖದಿಂದ ಬೆಸೆಯುವ ಇಂಡಕ್ಷನ್ ವಿಧಾನವನ್ನು ಪರೀಕ್ಷಿಸಿ ತೋರಿಸಿದರು. ಸಾಗಣೆಯಲ್ಲಿ ದ್ರವ ಸೋರದಿರಲಿ ಎಂಬುದಷ್ಟೇ ಆಗಿನ ಉದ್ದೇಶ.

ಸೀಲಿಗೆ ಸಾಕ್ಷಿಯ ಹೊಣೆ ಬಿದ್ದದ್ದು 1982ರಲ್ಲಿ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೊ ಸುತ್ತಮುತ್ತ ಟೈಲೆನಾಲ್ ಎಂಬ ನೋವುನಿವಾರಕದ ಕ್ಯಾಪ್ಸೂಲುಗಳಿಗೆ ಯಾರೋ ಸಯನೈಡ್ ತುಂಬಿದ್ದರು. ಏಳು ಜನ ಸತ್ತರು. ತಯಾರಕ ಸಂಸ್ಥೆ ಜಾನ್ಸನ್ ಅಂಡ್ ಜಾನ್ಸನ್ ಸುಮಾರು 3.1 ಕೋಟಿ ಬಾಟಲಿಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಿತು. ಔಷಧ ಅಂಗಡಿಗೆ ಮರಳಿದಾಗ ಅದಕ್ಕೆ ಮೂರು ಕಾವಲು ಇದ್ದವು: ಅಂಟಿಸಿದ ರಟ್ಟಿನ ಡಬ್ಬಿ, ಕುತ್ತಿಗೆಗೆ ಪ್ಲಾಸ್ಟಿಕ್ ಪಟ್ಟಿ, ಬಾಯಿಗೆ ಬೆಸೆದ ಹಾಳೆ. ಅದೇ ನವೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ವೈದ್ಯರ ಚೀಟಿಯಿಲ್ಲದೆ ಮಾರುವ ಔಷಧಗಳಿಗೆ ಇಂಥ ರಕ್ಷಣೆಯನ್ನು ಕಡ್ಡಾಯಗೊಳಿಸಿತು. ಪೊಟ್ಟಣದೊಳಗೆ ಕೈಯಾಡಿಸುವುದನ್ನು ಅಪರಾಧವೆಂದು ಸಾರುವ ಕಾಯ್ದೆ 1983ರಲ್ಲಿ ಬಂತು. ಕ್ರಮೇಣ ಆಹಾರ, ಪಾನೀಯ, ಸೌಂದರ್ಯವರ್ಧಕಗಳಿಗೂ ಈ ಪದ್ಧತಿ ಹಬ್ಬಿತು.

ಇದರಿಂದ ಜೀವಗಳು ಉಳಿದವು. ಜೊತೆಗೆ ಒಂದೇ ಬಾಟಲಿಯ ಮೇಲೆ ಮೂರು ನಾಲ್ಕು ಬಗೆಯ ಪದಾರ್ಥಗಳು ಸೇರಿಕೊಂಡವು. ಅದರ ಪರಿಣಾಮ ಕಾಣುವುದು ಮರುಬಳಕೆ ಘಟಕದಲ್ಲಿ. ಅಲ್ಲಿ ಬಾಟಲಿಗಳನ್ನು ಪುಡಿಗೈದು ನೀರಿನ ತೊಟ್ಟಿಗೆ ಹಾಕುತ್ತಾರೆ. ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ಸಾಂದ್ರತೆ ಸುಮಾರು 1.38, ಅದು ಮುಳುಗುತ್ತದೆ. ಮುಚ್ಚಳದ ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಸಾಂದ್ರತೆ 0.90ರಿಂದ 0.96ರ ಆಸುಪಾಸು, ಅವು ತೇಲುತ್ತವೆ. ಹೀಗಾಗಿ ಮುಚ್ಚಳ ತಿರುಗಿಸಿದಾಗ ಮುರಿದು ಕುತ್ತಿಗೆಯಲ್ಲೇ ಉಳಿದ ಸೀಲಿನ ಉಂಗುರದಿಂದ ತೊಂದರೆಯಿಲ್ಲ, ನೀರೇ ಅದನ್ನು ಬೇರ್ಪಡಿಸುತ್ತದೆ.

ತೊಂದರೆ ಕೊಡುವುದು ಪಿವಿಸಿ ಎಂಬ ಪ್ಲಾಸ್ಟಿಕ್. ಬಿಸಿಗಾಳಿಗೆ ಕುಗ್ಗಿ ಕುತ್ತಿಗೆಗೆ ಬಿಗಿಯಾಗುವ ಅಗ್ಗದ ಸೀಲುಗಳು ಬಹುಪಾಲು ಇದರವೇ. ಇದೂ ಪೆಟ್‌ನಂತೆ ಮುಳುಗುವುದರಿಂದ ತೊಟ್ಟಿಯಲ್ಲಿ ಬೇರೆಯಾಗದು. ಪೆಟ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕೆ ಮುನ್ನವೇ ಪಿವಿಸಿ ಒಡೆದು ಹೈಡ್ರೊಕ್ಲೋರಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಪೆಟ್‌ನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತದೆ. ಮಾಲು ಹಳದಿಗೆ ತಿರುಗಿ ಬಲ ಕಳೆದುಕೊಳ್ಳುತ್ತದೆ. ಹತ್ತು ಲಕ್ಷ ಭಾಗಕ್ಕೆ ನೂರು ಭಾಗದಷ್ಟು ಬೆರಕೆಯೂ ಇಡೀ ಸರಕನ್ನು ಕೆಡಿಸಬಲ್ಲದು. ಇನ್ನು ಅಲ್ಯೂಮಿನಿಯಂ ಹಾಳೆ ಪೂರ್ತಿ ಕಿತ್ತುಬರದೆ ಬಾಟಲಿಯ ಬಾಯಿಗೆ ಅಂಟಿಕೊಂಡರೆ, ಒಳ್ಳೆಯ ಪ್ಲಾಸ್ಟಿಕ್ಕನ್ನೂ ಲೋಹ ಪತ್ತೆ ಯಂತ್ರ ಹೊರಕ್ಕೆ ತಳ್ಳುತ್ತದೆ.

ಈ ತೊಡಕಿಗೆ ಎರಡು ಬಗೆಯ ಉತ್ತರಗಳು ರೂಪುಗೊಂಡವು. ಮೊದಲನೆಯದು ಪದಾರ್ಥದ ಆಯ್ಕೆ. ಜಪಾನಿನ ಪೆಟ್ ಬಾಟಲಿ ಉದ್ಯಮ 1990ರ ದಶಕದಲ್ಲೇ ತಾನಾಗಿ ವಿನ್ಯಾಸ ನಿಯಮ ಹಾಕಿಕೊಂಡು ಅಲ್ಯೂಮಿನಿಯಂ ಮುಚ್ಚಳಗಳಿಂದ ತೇಲುವ ಪ್ಲಾಸ್ಟಿಕ್ ಮುಚ್ಚಳಗಳತ್ತ ಸರಿಯಿತು. ದಕ್ಷಿಣ ಕೊರಿಯಾ 2019ರ ಡಿಸೆಂಬರಿನಲ್ಲಿ ಪ್ಯಾಕಿಂಗಿಗೆ ಪಿವಿಸಿ ಬಳಸುವುದನ್ನೇ ನಿಷೇಧಿಸಿತು. ಅಮೆರಿಕದ ಪ್ಲಾಸ್ಟಿಕ್ ಮರುಬಳಕೆದಾರರ ಸಂಘ, ಯುರೋಪಿನ ರೆಸಿಕ್ಲಾಸ್ ಸಂಸ್ಥೆಗಳ ಮಾರ್ಗಸೂಚಿಗಳು ಸೀಲು, ಲೇಬಲ್, ಅಂಟು, ಶಾಯಿ ಎಲ್ಲವನ್ನೂ ತೊಟ್ಟಿಯ ಕಣ್ಣಿನಿಂದ ಅಳೆಯುತ್ತವೆ. ಪಾಲಿಥೀನ್, ಪಾಲಿಪ್ರೊಪಿಲೀನ್ ಜಾತಿಯ ತೇಲುವ ಸೀಲುಗಳು, ಪೆಟ್ ಜೊತೆಗೇ ಸಾಗಬಲ್ಲ, ಬಾಟಲಿಗೆ ತೋಳಿನಂತೆ ತೊಡಿಸುವ ಹೊಸ ಪಾಲಿಯೆಸ್ಟರ್ ಹೊದಿಕೆಗಳು ಈ ಅಳತೆಯಿಂದಲೇ ಹುಟ್ಟಿದವು. ಗ್ರಾಹಕರೇ ಸೀಳಿ ತೆಗೆಯಲಿ ಎಂದು ಸೀಲಿನ ಮೇಲೆ ರಂಧ್ರಗಳ ಸಾಲು ಹಾಕುವುದೂ ಉಂಟು. ಆದರೆ ಕೋಟ್ಯಂತರ ಜನರ ಶಿಸ್ತನ್ನು ನೆಚ್ಚಿಕೊಂಡ ವಿನ್ಯಾಸಕ್ಕಿಂತ ಯಾರ ನೆರವೂ ಬೇಡದ ವಿನ್ಯಾಸವೇ ಮೇಲು.

ಎರಡನೆಯ ಉತ್ತರ ಇನ್ನೂ ಚೆಂದದ್ದು: ಸೀಲು ಮುರಿಯಲಿ, ಆದರೆ ಕಳಚದಿರಲಿ. ಇದರ ಪೂರ್ವಜ ಪಾನೀಯದ ಕ್ಯಾನು. 1960ರ ದಶಕದಲ್ಲಿ ಕ್ಯಾನಿನ ಉಂಗುರ ಕಿತ್ತು ಬರುತ್ತಿತ್ತು. ಸಮುದ್ರದಂಡೆಯಲ್ಲಿ ಕಾಲು ಕೊಯ್ಯುತ್ತಿತ್ತು. 1975ರ ಹೊತ್ತಿಗೆ ರೆನಾಲ್ಡ್ಸ್ ಮೆಟಲ್ಸ್ ಕಂಪನಿಯ ಡೇನಿಯಲ್ ಕುಡ್ಜಿಕ್, ತೆರೆದ ಮೇಲೂ ಕ್ಯಾನಿಗೇ ಅಂಟಿಕೊಂಡಿರುವ ಪಟ್ಟಿಯನ್ನು ರೂಪಿಸಿದರು. ಯುರೋಪಿಯನ್ ಒಕ್ಕೂಟದ 2019ರ ಬಳಸಿ ಎಸೆಯುವ ಪ್ಲಾಸ್ಟಿಕ್ ನಿರ್ದೇಶನ ಇದನ್ನೇ ಬಾಟಲಿಗೆ ಅನ್ವಯಿಸಿತು. 2024ರ ಜುಲೈ 3ರಿಂದ ಅಲ್ಲಿ ಮೂರು ಲೀಟರ್‌ವರೆಗಿನ ಪ್ಲಾಸ್ಟಿಕ್ ಪಾನೀಯ ಬಾಟಲಿಗಳ ಮುಚ್ಚಳ, ತೆರೆದ ಮೇಲೂ ಬಾಟಲಿಗೆ ಜೋತುಕೊಂಡೇ ಇರಬೇಕು. ಮುಚ್ಚಳವನ್ನು ಉಂಗುರಕ್ಕೆ ಜೋಡಿಸುವ ಸಣ್ಣ ಸೇತುವೆಗಳು ಮುರಿದು ಸಾಕ್ಷಿ ಹೇಳುತ್ತವೆ. ಒಂದು ಪಟ್ಟಿ ಮಾತ್ರ ಮುರಿಯದೆ ಮುಚ್ಚಳವನ್ನು ಹಿಡಿದಿಡುತ್ತದೆ.

ನಮ್ಮಲ್ಲಿ ಏನಾಗಿದೆ? ಪ್ಯಾಕ್ ಮಾಡಿದ ನೀರಿನ ಭಾರತೀಯ ಮಾನಕ, ಬಾಟಲಿ ಯಾರೂ ಕೈಯಾಡಿಸಲಾಗದಂತೆ ಭದ್ರವಾಗಿರಬೇಕು ಎನ್ನುತ್ತದೆ. ಬೆಂಗಳೂರಿನ ಮನೆ, ಕಚೇರಿ, ಹೋಟೆಲುಗಳಿಗೆ ಬರುವ 20 ಲೀಟರ್ ಕ್ಯಾನು ತೊಳೆದು ತುಂಬಿ ಮತ್ತೆ ಮತ್ತೆ ಬರುತ್ತದೆ. ಅದರ ಕುತ್ತಿಗೆಯ ಕುಗ್ಗು ಸೀಲು ಮಾತ್ರ ಪ್ರತಿ ಸಲ ಹೊಸದು. ತೂಕಕ್ಕೆ ಬೆಲೆ ಕಟ್ಟುವ ಗುಜರಿ ವ್ಯಾಪಾರದಲ್ಲಿ ಆ ಹಗುರ ಚೂರಿಗೆ ಬೆಲೆಯಿಲ್ಲ, ಆಯುವವರಿಗೆ ಅದರಿಂದ ಕೂಲಿ ಹುಟ್ಟದು. ಮೈಸೂರು ರಸ್ತೆಯ ನಾಯಂಡಹಳ್ಳಿಯಂಥ ಕಡೆ ಪ್ಲಾಸ್ಟಿಕ್ ವಿಂಗಡಿಸುವ ಕೈಗಳಿಗೆ ಅದು ಬರಿಯ ಹೆಚ್ಚುವರಿ ಕೆಲಸ.

ಒಳ್ಳೆಯ ಮಾದರಿಯೂ ನಮ್ಮ ಅಡುಗೆಮನೆಯಲ್ಲೇ ಇದೆ. ನಂದಿನಿ ಹಾಲಿನ ಪ್ಯಾಕೆಟ್ ಪಾಲಿಥೀನ್ ಹಾಳೆಯದು. ಅದಕ್ಕೆ ಪ್ರತ್ಯೇಕ ಸೀಲಿಲ್ಲ, ಬೆಸುಗೆಯೇ ಸೀಲು. ತೂತು ಬಿದ್ದರೆ ಹಾಲೇ ಸೋರಿ ಹೇಳುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ ಅರ್ಧ ಸೀಳಿ ಬಿಟ್ಟರೆ ಎಲ್ಲವೂ ಒಂದೇ ತುಂಡಾಗಿ ಒಣ ಕಸಕ್ಕೆ ಸೇರುತ್ತದೆ.

ಕೇಂದ್ರದ 2022ರ ಉತ್ಪಾದಕರ ಹೊಣೆಗಾರಿಕೆ ಮಾರ್ಗಸೂಚಿ, ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ ಮರುಬಳಕೆಯ ಮಾಲು 2025–26ಕ್ಕೆ ಶೇ 30, 2028–29ಕ್ಕೆ ಶೇ 60 ಇರಬೇಕೆಂಬ ಗುರಿ ಇಟ್ಟಿತು. ಶುದ್ಧ ಮಾಲು ಸಿಗದೆ ಈ ಗುರಿ ಮುಟ್ಟಲಾಗದು. ಪಿವಿಸಿ ಚೂರು ಬೆರೆತರೆ ಮಾಲು ಶುದ್ಧವಾಗದು. ಆದ್ದರಿಂದ ಮಾನಕದಲ್ಲಿ ಇನ್ನೆರಡು ಮಾತು ಸೇರಬೇಕು: ಒಂದು, ಸೀಲು ಬಾಟಲಿಯ ಜಾತಿಯದೇ ಆಗಿರಲಿ, ಇಲ್ಲವೇ ಮರುಬಳಕೆಯ ತೊಟ್ಟಿಯಲ್ಲಿ ತಾನಾಗಿ ತೇಲಿ ಬೇರೆಯಾಗಲಿ; ಎರಡು, ಬಳಸುವವರ ಕೈಯಲ್ಲಿ ಮುರಿದ ಮೇಲೂ ಬಾಟಲಿಯನ್ನು ಬಿಡದಿರಲಿ. ಇವೆರಡಕ್ಕೂ ಬೇಕಾದ ತಂತ್ರಜ್ಞಾನ ಈಗಾಗಲೇ ಬಳಕೆಯಲ್ಲಿದೆ. ಸುರಕ್ಷತೆಗೆ 1982ರಲ್ಲಿ ಏಳು ಸಾವುಗಳ ನಂತರ ನಿಯಮ ಬಂತು. ಮರುಬಳಕೆಯ ನಿಯಮವನ್ನು ಅನಾಹುತಕ್ಕೆ ಕಾಯದೆ ಈಗಲೇ ಬರೆದುಕೊಳ್ಳಬಹುದು.